ಊರ ಶಾಲೆಯ ಹಾಜರಿ ಪಟ: ದಾಖಲಾತಿ, ಫಲಿತಾಂಶಗಳ ಒಂದು ವಿವೇಚನೆ

ಶಿಕ್ಷಣ ಕ್ಷೇತ್ರದಲ್ಲಿ ಇಂದು ಪದೇಪದೇ ಕಿವಿಗೆ ಬೀಳುವ ಶಬ್ದಗಳು ಎರಡು: ಒಂದು ದಾಖಲಾತಿ, ಮತ್ತೊಂದು ಫಲಿತಾಂಶ. ಮೊದಲನೆಯದು ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮಾರ್ಗವಾಗಿ, ಕಂದಾಯದ ಕಚೇರಿಗಳನ್ನು ಹಾಯ್ದು ಕನ್ನಡದ ಮನೆಗೆ ಬಂದುದು. ‘ಒಳಹೊಗುವುದು’ ಎಂಬಷ್ಟೇ ಅದರ ಮೂಲಾರ್ಥ. ಎರಡನೆಯದು ‘ಫಲಿತ’ ಮತ್ತು ‘ಅಂಶ’ ಎಂಬ ಸಂಸ್ಕೃತ ಪದಗಳೆರಡು ಸವರ್ಣದೀರ್ಘ ಸಂಧಿಯಿಂದ ಕೂಡಿ ಆದುದು. ಫಲಿಸಿದುದರಲ್ಲಿ ಒಂದು ಪಾಲು ಎಂದು ಅದನ್ನು ಬಿಡಿಸಿ ಹೇಳಬಹುದು. ಶಬ್ದಗಳು ತಮ್ಮ ಮಿತಿಯನ್ನು ತಾವೇ ಹೇಳಿಕೊಂಡಿವೆ. ಒಳಹೊಕ್ಕ ಮಾತ್ರಕ್ಕೆ ಕಲಿತಂತಾಗದು. ಪಾಲೊಂದು ಸಿಕ್ಕ ಮಾತ್ರಕ್ಕೆ ಫಲವೆಲ್ಲ ಕೈಸೇರಿದಂತಾಗದು. ಹೀಗಿದ್ದೂ ಚಿಕ್ಕ ಹಳ್ಳಿಯೊಂದರ ಸರಕಾರಿ ಶಾಲೆ ಇರಬೇಕೋ ಮುಚ್ಚಬೇಕೋ ಎಂಬ ಪ್ರಶ್ನೆ ಬಂದಾಗ ತಕ್ಕಡಿಯಲ್ಲಿ ಇಡುವುದು ಈ ಎರಡು ಸಂಖ್ಯೆಗಳನ್ನೇ. ಆ ಸಂಖ್ಯೆಗಳನ್ನು ಓದುವ ಬಗೆ ಹೇಗೆ ಎಂಬುದು ಇಲ್ಲಿಯ ವಿಚಾರ.

ವಿಷಯವು ತಮಗೆ ದೂರದ್ದೆಂದು ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಪ್ರೌಢಶಾಲೆಗಳವರು ಭಾವಿಸುವಂತಿಲ್ಲ. ಎಂಟನೆಯ ತರಗತಿಗೆ ಬಂದು ಸೇರುವ ಮಕ್ಕಳಲ್ಲಿ ಬಹುಮಂದಿ ಸುತ್ತಣ ಹಳ್ಳಿಗಳ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅಕ್ಷರ ತಿದ್ದಿದವರು. ಹಳಗನ್ನಡ ಪದ್ಯದ ಅನ್ವಯವನ್ನು ಹೇಳಬೇಕಾದ ಪಂಡಿತರು ಎಂಟನೆಯ ತರಗತಿಯಲ್ಲಿ ಒತ್ತಕ್ಷರ ತಿದ್ದಿಸುತ್ತ ಕುಳಿತುಕೊಳ್ಳಬೇಕಾಗಿ ಬಂದರೆ, ಕಾರಣವನ್ನು ಆ ಕೊಠಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಐದಾರು ವರ್ಷ ಹಿಂದಕ್ಕೆ, ಎರಡು ಮೂರು ಹರದಾರಿ ಆಚೆಗೆ ಹೋಗಿ ನೋಡಬೇಕು.

ಹಿಂದಿನ ಕಾಲದಲ್ಲಿ ಊರಿನ ಶಾಲೆಯೆಂದರೆ ಕೂಲಿಮಠ. ಮುಂಬಯಿ ಕರ್ನಾಟಕದಲ್ಲಿ ಅದನ್ನೇ ಗಾಂವಠಿ ಶಾಲೆ ಎನ್ನುತ್ತಿದ್ದರು. ಗುಡಿಯ ಮಂಟಪದಲ್ಲೋ ಚಾವಡಿಯಲ್ಲೋ ಕುಳಿತು ಕಲಿಸುವ ಅಯ್ಯನವರಿಗೆ ಸುಗ್ಗಿಯ ಕಾಳುಕಡ್ಡಿಯೇ ಸಂಬಳ. ಮಕ್ಕಳಿಗೆ ಮರಳೇ ಪಾಟಿ, ಬೆರಳೇ ಬಳಪ. ಆ ಕಾಲವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಒಂದು ಮಾತನ್ನು ಮರೆಯುತ್ತಾರೆ: ಆ ಮಂಟಪಕ್ಕೆ ಊರಿನ ಎಲ್ಲ ಮಕ್ಕಳೂ ಬರುತ್ತಿರಲಿಲ್ಲ, ಹೆಣ್ಣುಮಕ್ಕಳಂತೂ ಬಹುಮಟ್ಟಿಗೆ ಇಲ್ಲವೇ ಇಲ್ಲ. ೧೮೫೪ರ ವುಡ್ ಸಾಹೇಬರ ನಿರೂಪದ ತರುವಾಯ ಸರಕಾರಿ ಶಾಲೆಗಳು ಹರಡತೊಡಗಿದವು. ಧಾರವಾಡ, ಬೆಳಗಾವಿ ಸೀಮೆಯಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಕನ್ನಡ ಶಾಲೆಗಳಿಗಾಗಿ ಹೆಣಗಿದ ಡೆಪ್ಯುಟಿ ಚನ್ನಬಸಪ್ಪನವರ ಉಪಕಾರವನ್ನು ಕನ್ನಡಿಗರು ಮರೆಯಲಾರರು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವಾಯಿತು. ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ೧೯೬೧ರದು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ಶಿಕ್ಷಣವನ್ನು ಹಕ್ಕಾಗಿಸಿದ ಕೇಂದ್ರದ ಕಾಯಿದೆ ೨೦೦೯ರಲ್ಲಿ ಆಗಿ ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿತು. ೧೯೯೧ರ ಜನಗಣತಿಯಲ್ಲಿ ಶೇಕಡ ೫೬.೦೪ ಇದ್ದ ಕರ್ನಾಟಕದ ಸಾಕ್ಷರತೆ ೨೦೧೧ರಲ್ಲಿ ೭೫.೩೬ಕ್ಕೆ ಏರಿತು. ಅದೇ ೨೦೧೧ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ೮೮.೫೭, ಯಾದಗಿರಿಯಲ್ಲಿ ೫೧.೮೩. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ನಡುವೆ ಇಷ್ಟು ದೊಡ್ಡ ಕಂದರ.

ಈಗ ಹಾಜರಿ ಪಟಕ್ಕೆ ಬರೋಣವಾಗಲಿ. ‘ಮೊದಲು ನೂರಿಪ್ಪತ್ತು ಮಕ್ಕಳಿದ್ದರು, ಈಗ ನಲವತ್ತು, ಶಾಲೆ ಕೆಟ್ಟಿತು’ ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಇಳಿಕೆ ನಿಜ, ಅದಕ್ಕೆ ಹಚ್ಚುವ ಕಾರಣ ಮಾತ್ರ ಅರ್ಧ ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಬ್ಬ ಹೆಂಗಸು ತನ್ನ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ ಸಂಖ್ಯೆ ೧೯೯೨-೯೩ರಲ್ಲಿ ೨.೮೫ ಇದ್ದುದು ೨೦೧೯-೨೧ರ ವೇಳೆಗೆ ೧.೭ಕ್ಕೆ ಇಳಿದಿದೆ. ಅಂದರೆ ತೊಟ್ಟಿಲೇ ಕಡಮೆಯಾಗಿದೆ. ೨೦೨೦ರ ವೇಳೆಗೆ ರಾಜ್ಯದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಹುಟ್ಟುತ್ತಿದ್ದ ಶಿಶುಗಳು ಹದಿನಾರು ಹದಿನೇಳು. ಆ ಲೆಕ್ಕದಲ್ಲಿ ಸಾವಿರ ಜನರ ಹಳ್ಳಿಯೊಂದನ್ನು ಭಾವಿಸಿಕೊಂಡರೆ, ಒಂದೊಂದು ತರಗತಿಗೆ ಹದಿನಾರು, ಒಂದರಿಂದ ಐದರವರೆಗೆ ಎಂಬತ್ತು ಮಕ್ಕಳು. ಊರಿನ ಒಂದು ಮಗುವೂ ಬೇರೆಡೆಗೆ ಹೋಗದಿದ್ದರೂ ಕಿರಿಯ ಪ್ರಾಥಮಿಕ ಶಾಲೆಗೆ ಸಿಕ್ಕುವುದು ಅಷ್ಟೇ. ಆದುದರಿಂದ ಪಟದಲ್ಲಿ ಎಷ್ಟು ಹೆಸರಿವೆ ಎಂದು ಕೇಳುವ ಮೊದಲು ಊರಿನಲ್ಲಿ ಆ ವಯಸ್ಸಿನ ಮಕ್ಕಳು ಎಷ್ಟಿದ್ದಾರೆ ಎಂದು ಕೇಳಬೇಕು. ಛೇದವಿಲ್ಲದ ಅಂಶಕ್ಕೆ ಗಣಿತದಲ್ಲಿ ಅರ್ಥವಿಲ್ಲ. ವರ್ಷ ವರ್ಷ ಮನೆಮನೆಗೆ ತಿರುಗಿ ಮಕ್ಕಳ ಗಣತಿ ಮಾಡುವ ಶಿಕ್ಷಕರ ಕೈಯಲ್ಲಿ ಆ ಛೇದವಿದೆ; ಅದನ್ನು ಕೇಳುವವರು ವಿರಳ.

ಇನ್ನುಳಿದ ಅರ್ಧ ಕಾರಣ ಮುಂಜಾನೆ ಊರ ಬಾಗಿಲಿಗೆ ಬಂದು ನಿಲ್ಲುವ ಹಳದಿ ಬಣ್ಣದ ವ್ಯಾನು. ಎಂಬತ್ತರಲ್ಲಿ ನಲವತ್ತು ಮಕ್ಕಳನ್ನು ಅದು ಹತ್ತಿಸಿಕೊಂಡು ಹೋಗುತ್ತದೆ ಎಂದುಕೊಂಡರೆ, ಹೋದುದು ಒಂದನೆಯ ತರಗತಿಯಲ್ಲಲ್ಲ, ಅದಕ್ಕೂ ಎರಡು ವರ್ಷ ಮೊದಲೇ. ಸರಕಾರಿ ಶಾಲೆಯ ಬಾಗಿಲು ಬಹುತೇಕ ಕಡೆ ತೆರೆಯುವುದು ಒಂದನೆಯ ತರಗತಿಗೆ. ಖಾಸಗಿ ಶಾಲೆಯದು ನಾಲ್ಕನೆಯ ವರ್ಷಕ್ಕೆ, ಎಲ್‌ಕೆಜಿ ಎಂಬ ಹೆಸರಿನಿಂದ. ಒಮ್ಮೆ ಅಲ್ಲಿ ಸಮವಸ್ತ್ರ ಹೊಲಿಸಿ, ಗೆಳೆಯರನ್ನು ಕೂಡಿಸಿಕೊಂಡ ಮಗುವನ್ನು ತಂದೆತಾಯಿಗಳು ಮರಳಿ ತರುವುದುಂಟೆ? ಅಂಗನವಾಡಿ ಊರಿನಲ್ಲಿಯೇ ಇದೆ. ದೇಶದಲ್ಲಿ ೧೯೭೫ರಲ್ಲಿ ಆರಂಭವಾದ ಈ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಶಿಶುಗಳ ಆಹಾರ ಆರೋಗ್ಯಗಳಿಗೆ ಅದು ಮಾಡಿದ ಸೇವೆ ಅಪಾರ. ಆದರೆ ಜನರ ಕಣ್ಣಿಗೆ ಅದು ಇನ್ನೂ ‘ಶಾಲೆ’ಯಾಗಿಲ್ಲ. ೨೦೧೮-೧೯ರಿಂದ ತೆರೆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳನ್ನು ಸೇರಿಸಿದುದು ಈ ತೂತನ್ನು ಕಂಡುಕೊಂಡೇ.

ಇಂಗ್ಲಿಷಿನ ಆಕರ್ಷಣೆಯ ಮಾತನ್ನು ಎಲ್ಲರೂ ಆಡುತ್ತಾರೆ. ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಭಾಷೆಯಾಗಿ ಕಲಿಸತೊಡಗಿದುದು ೨೦೦೭-೦೮ರಲ್ಲಿ. ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಬಂದುದು ೨೦೧೯-೨೦ರಲ್ಲಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಒತ್ತಾಯಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ತೀರ್ಪಿತ್ತ ಮೇಲೆ ವಾದವಿವಾದಗಳು ಬಹಳ ನಡೆದವು. ಆ ಚರ್ಚೆಗಳಲ್ಲಿ ಬಾರದ ಒಂದು ಅಂಶ ಲಿಪಿಗೆ ಸಂಬಂಧಿಸಿದುದು. ಅದನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದು ಉಚಿತ.

ಕನ್ನಡ ವರ್ಣಮಾಲೆಯಲ್ಲಿ ವ್ಯಂಜನಗಳು ಮೂವತ್ತನಾಲ್ಕು, ಸ್ವರಗಳು ಹದಿಮೂರು. ಇವೆರಡರ ಕೂಟದಿಂದ ಆಗುವ ಗುಣಿತಾಕ್ಷರಗಳೇ ೪೪೨. ಅನಂತರ ಒತ್ತಕ್ಷರಗಳು. ಅವುಗಳಲ್ಲಿ ಗಕಾರ, ದಕಾರಗಳಂತಹವು ತಮ್ಮ ತಲೆಕಟ್ಟನ್ನು ಕಳಚಿ ಕೆಳಗೆ ಕುಳಿತರೂ ಗುರುತು ಸಿಕ್ಕುತ್ತವೆ. ತ, ನ, ಮ, ಯ, ರ, ಲ ಎಂಬ ಆರು ಒತ್ತಾದೊಡನೆ ರೂಪವನ್ನೇ ಬದಲಿಸುತ್ತವೆ. ಅರ್ಕಾವೊತ್ತಂತೂ ಮೊದಲು ಉಚ್ಚರಿಸುವುದನ್ನು ಕೊನೆಯಲ್ಲಿ ಬರೆಯಿಸುತ್ತದೆ. ‘ಅಜ್ಜ’ ಓದಿದ ಮಗು ‘ಪುಸ್ತಕ’ದಲ್ಲಿ ನಿಲ್ಲುವುದೂ, ‘ವಿದ್ಯಾರ್ಥಿ’ಯ ಮುಂದೆ ತಬ್ಬಿಬ್ಬಾಗುವುದೂ ಮಗುವಿನ ದಡ್ಡತನವಲ್ಲ, ಲಿಪಿಯ ಸ್ವಭಾವ. ಕನ್ನಡ ಮಕ್ಕಳ ಓದಿನ ಬಗೆಗೆ ಸೊನಾಲಿ ನಾಗ್ ಅವರು ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಗಳ ಪೂರ್ಣ ಪರಿಚಯವಾಗಲು ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆಂದು ತೋರಿಸಿದೆ. ಇತ್ತ ಇಂಗ್ಲಿಷಿನ ಅಕ್ಷರಗಳು ಇಪ್ಪತ್ತಾರೇ. ವ್ಯಾನಿನಲ್ಲಿ ಹೋದ ನೆರೆಮನೆಯ ಮಗು ಮೂರು ತಿಂಗಳಲ್ಲಿ ಅವನ್ನೆಲ್ಲ ಒಪ್ಪಿಸುತ್ತದೆ. ಊರ ಶಾಲೆಯ ಮಗು ಮೂರನೆಯ ತರಗತಿಯಲ್ಲಿಯೂ ಒತ್ತಿನ ಮುಂದೆ ತಡವರಿಸುತ್ತದೆ. ತಾಯಿ ಎರಡನ್ನೂ ನೋಡುತ್ತಾಳೆ. ಆ ಶಾಲೆ ಮೇಲು, ಈ ಶಾಲೆ ಕೀಳು ಎಂದು ನಿಶ್ಚಯಿಸುತ್ತಾಳೆ. ಇಂಗ್ಲಿಷಿನ ಕಷ್ಟ ಅಕ್ಷರದಲ್ಲಿಲ್ಲ, ಕಾಗುಣಿತವಿಲ್ಲದ ಅದರ ವರ್ತನಿಯಲ್ಲಿದೆ ಎಂಬುದು ಆಕೆಗೆ ತಿಳಿಯುವುದು ಬಹಳ ತಡವಾಗಿ. ಕನ್ನಡದ ಮಗುವಿಗಾದರೋ ಒತ್ತಕ್ಷರದ ಹೊಸ್ತಿಲು ದಾಟಿದೊಡನೆ ಯಾವ ಪುಸ್ತಕವನ್ನಾದರೂ ತಡೆಯಿಲ್ಲದೆ ಉಚ್ಚರಿಸುವ ಶಕ್ತಿ ಬರುತ್ತದೆ. ಹೊಸ್ತಿಲಲ್ಲಿಯೇ ಎಡವಿದವರ ಕೈ ಹಿಡಿಯುವವರಿಲ್ಲದಿರುವುದೇ ದುಃಖ. ಲಂಬಾಣಿ ತಾಂಡಾಗಳ ಮಕ್ಕಳಿಗೆ, ತೆಲುಗು, ಉರ್ದು ಮನೆಮಾತಿನ ಗಡಿನಾಡಿನ ಮಕ್ಕಳಿಗೆ ಈ ಹೊಸ್ತಿಲು ಇನ್ನೂ ಎತ್ತರ.

ಹೊಸ್ತಿಲಲ್ಲಿ ಕೈ ಹಿಡಿಯುವವರು ಯಾಕಿಲ್ಲವೆಂದರೆ, ಮತ್ತೆ ಪಟವನ್ನೇ ನೋಡಬೇಕು. ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅರವತ್ತೊಂದರಿಂದ ತೊಂಬತ್ತರವರೆಗೆ ಮೂವರು, ನೂರಿಪ್ಪತ್ತರವರೆಗೆ ನಾಲ್ವರು. ಎಂಬತ್ತು ಮಕ್ಕಳಿದ್ದಾಗ ಮೂವರಿದ್ದ ಶಾಲೆ ಅರವತ್ತಕ್ಕೆ ಇಳಿದೊಡನೆ ಒಬ್ಬರನ್ನು ಕಳೆದುಕೊಳ್ಳುತ್ತದೆ. ಅವರು ‘ಹೆಚ್ಚುವರಿ’ಯಾಗಿ ಬೇರೆಡೆಗೆ ತೆರಳುತ್ತಾರೆ. ಮಕ್ಕಳು ಕಡಮೆಯಾದರು, ತರಗತಿಗಳೇನು ಕಡಮೆಯಾದುವೆ? ಐದು ತರಗತಿ, ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ಮುಖ್ಯೋಪಾಧ್ಯಾಯರ ಕೆಲಸದವರು, ಅಂದರೆ ಅಕ್ಕಿ ಬೇಳೆಯ ಲೆಕ್ಕ, ಗಣಕದ ವರದಿ, ತಾಲೂಕು ಕೇಂದ್ರದ ಸಭೆ. ಹೀಗೆ ದಿನದ ಬಹುಭಾಗ ಐದು ತರಗತಿಗೆ ಒಬ್ಬರೇ ಗತಿ. ಕಲಿಕೆ ಕುಗ್ಗಿದುದನ್ನು ಕಂಡು ಇನ್ನಷ್ಟು ಮನೆಯವರು ವ್ಯಾನು ಹತ್ತಿಸುತ್ತಾರೆ. ಪಟ ಇನ್ನೂ ತೆಳುವಾಗುತ್ತದೆ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆ ಇಲ್ಲಿ ನ್ಯಾಯಶಾಸ್ತ್ರದ ವಿನೋದವಾಗಿ ಉಳಿದಿಲ್ಲ. ದಾಖಲಾತಿ ಇಳಿದುದರಿಂದ ಫಲಿತಾಂಶ ಇಳಿಯುತ್ತದೆ, ಫಲಿತಾಂಶ ಇಳಿದುದರಿಂದ ದಾಖಲಾತಿ ಇಳಿಯುತ್ತದೆ. ಅರವತ್ತೊಂದನೆಯ ಆ ಒಂದು ಮಗುವಿನ ಮೇಲೆ ಮೂರನೆಯ ಶಿಕ್ಷಕರ ಹುದ್ದೆ ನಿಂತಿರುತ್ತದೆ.

ಬಹುತರಗತಿಯ ಬೋಧನೆ ಅಸಾಧ್ಯವೆಂದು ಇದರ ಅರ್ಥವಲ್ಲ. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ೧೯೯೫ರಲ್ಲಿ ಆರಂಭವಾದ ‘ನಲಿ-ಕಲಿ’ ಇಂತಹ ಶಾಲೆಗಳಿಂದಲೇ ಹುಟ್ಟಿದುದು. ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕಲಿಕಾ ಸಾಮಗ್ರಿಯನ್ನು ನೋಡಿಬಂದ ಶಿಕ್ಷಕರೇ ಅದನ್ನು ಕನ್ನಡಕ್ಕೆ ಹೊಂದಿಸಿದರು. ಮಕ್ಕಳು ಗುಂಪುಗಳಾಗಿ ಕುಳಿತು ಚೀಟಿಗಳ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ; ಹದಿನೈದು ದಿನ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ೨೦೦೯-೧೦ರಿಂದ ಇದನ್ನು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿಸಲಾಯಿತು. ಹಬ್ಬಿಸಿದಾಗ ಚೀಟಿಗಳು ಹೋದವು, ಅವುಗಳನ್ನು ರೂಪಿಸಿದವರ ಉತ್ಸಾಹ ಎಲ್ಲ ಕಡೆಗೂ ಹೋಗಲಿಲ್ಲ. ಯೋಜನೆಗಳ ಹಣೆಬರಹವೇ ಹಾಗೆ. ಆದರೂ ತತ್ತ್ವವು ಸರಿಯಾದುದು, ಅದರಲ್ಲಿಯೂ ಗುಳೆ ಹೋಗುವ ಊರುಗಳಿಗೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ತಂದೆತಾಯಿಗಳು ಮನೆಗೆ ಬೀಗ ಹಾಕಿ ಹೊರಟಾಗ ಮಗುವೂ ಗಂಟುಮೂಟೆಯೊಡನೆ ಹೊರಡುತ್ತದೆ. ಹೆಸರು ಪಟದಲ್ಲಿ ಇರುತ್ತದೆ, ಮಗು ಇರುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರುಗಳ ಅನೇಕ ಹಳ್ಳಿಗಳಲ್ಲಿ ದಾಖಲಾತಿಗೂ ಹಾಜರಾತಿಗೂ ಇರುವ ಅಂತರವೇ ಊರಿನ ಬಡತನದ ಅಳತೆಗೋಲು.

ಹಾಜರಾತಿಯ ಮಾತು ಬಂದಾಗ ಅನ್ನದ ಮಾತನ್ನು ಬಿಡಲಾಗದು. ಬಿಸಿಯೂಟದ ಯೋಜನೆ ರಾಜ್ಯದಲ್ಲಿ ೨೦೦೨ರಲ್ಲಿ ಈಶಾನ್ಯದ ಹಿಂದುಳಿದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. ೨೦೧೩ರಲ್ಲಿ ಹಾಲೂ ಸೇರಿತು. ಸರಕಾರ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಪರಿಭಾಷೆಯ ಶಬ್ದವೊಂದು ಸರಕಾರದ ಆದೇಶಪತ್ರವನ್ನು ಹೊಕ್ಕುದು ವಿಶೇಷವೇ ಸರಿ. ದಾಸೋಹದಲ್ಲಿ ನೀಡುವವನಿಗೆ ನೀಡಿದೆನೆಂಬ ಅಹಂಕಾರವಿರಬಾರದು, ಉಣ್ಣುವವನಿಗೆ ಬೇಡಿದೆನೆಂಬ ಕೀಳರಿಮೆ ಇರಬಾರದು. ಒಂದೇ ಪಂಕ್ತಿಯಲ್ಲಿ ಎಲ್ಲರೂ ಕುಳಿತುಕೊಳ್ಳಬೇಕು. ಶಾಲೆಯ ಜಗಲಿಯ ಮೇಲೆ ಅದು ಬಹುಮಟ್ಟಿಗೆ ನಡೆದಿದೆ. ಆದರೆ ಊರಿನ ಉಳ್ಳವರ ಮಕ್ಕಳೆಲ್ಲ ವ್ಯಾನು ಹತ್ತಿದ ಮೇಲೆ ಆ ಪಂಕ್ತಿಯಲ್ಲಿ ಉಳಿಯುವವರು ಯಾರು? ಕೂಲಿಕಾರರ ಮಕ್ಕಳು, ಮತ್ತು ಗಂಡುಮಗನನ್ನು ಖಾಸಗಿ ಶಾಲೆಗೆ ಕಳುಹಿಸಿದ ಮನೆಗಳ ಹೆಣ್ಣುಮಕ್ಕಳು. ಪಂಕ್ತಿ ಉಳಿದಿದೆ, ಭೇದವು ಪಂಕ್ತಿಯಿಂದ ಎದ್ದು ರಸ್ತೆಗೆ ಹೋಗಿದೆ.

ಖಾಸಗಿ ಶಾಲೆಗೆ ಹೋದವರು ಸರಕಾರಿ ಶಾಲೆಯನ್ನು ತಿರಸ್ಕರಿಸಿಯೇ ಹೋದರೆಂದು ಹೇಳಲೂ ಬಾರದು. ಗ್ರಾಮೀಣ ಭಾರತದಲ್ಲಿ ಆರರಿಂದ ಹದಿನಾಲ್ಕು ವರ್ಷದವರಲ್ಲಿ ಸರಕಾರಿ ಶಾಲೆಯಲ್ಲಿದ್ದವರು ೨೦೧೮ರಲ್ಲಿ ಶೇಕಡ ೬೫.೬, ಮಹಾಮಾರಿಯ ಅನಂತರ ೨೦೨೨ರಲ್ಲಿ ೭೨.೯, ೨೦೨೪ರಲ್ಲಿ ಮತ್ತೆ ೬೬.೮. ‘ಪ್ರಥಮ್’ ಸಂಸ್ಥೆಯವರು ಮನೆಮನೆಗೆ ಹೋಗಿ ನಡೆಸುವ ‘ಅಸರ್’ ಸಮೀಕ್ಷೆಯ ಅಂಕಿಗಳಿವು. ಕೈಯಲ್ಲಿ ಹಣವಿಲ್ಲದಾಗ ಮಕ್ಕಳು ಬಂದರು, ಹಣ ಕೂಡಿದೊಡನೆ ಹೋದರು. ಬಂದ ಆ ಮಕ್ಕಳನ್ನು ಉಳಿಸಿಕೊಳ್ಳುವ ಅವಕಾಶ ನಾಲ್ಕು ವರ್ಷಗಳಲ್ಲಿ ಬಂದುಹೋಯಿತು.

ಇನ್ನು ಫಲಿತಾಂಶ. ಚಿಕ್ಕ ಶಾಲೆಯ ಫಲಿತಾಂಶವನ್ನು ಶೇಕಡಾವಾರಿನಲ್ಲಿ ಹೇಳುವುದೇ ಒಂದು ಭ್ರಾಂತಿ. ಹತ್ತು ಮಕ್ಕಳ ತರಗತಿಯಲ್ಲಿ ಈ ವರ್ಷ ಒಂಬತ್ತು ಮಂದಿ ತೇರ್ಗಡೆಯಾದರೆ ಶೇಕಡ ತೊಂಬತ್ತು. ಮುಂದಿನ ವರ್ಷ ಏಳು ಮಂದಿಯಾದರೆ ಎಪ್ಪತ್ತು. ‘ಇಪ್ಪತ್ತರಷ್ಟು ಕುಸಿತ’ ಎಂದು ಕಾರಣ ಕೇಳುವ ನೋಟೀಸು ಬರುತ್ತದೆ. ಕುಸಿದುದು ಎರಡು ಮಕ್ಕಳು. ಒಬ್ಬನು ಗುಳೆ ಹೋದವನು, ಒಬ್ಬಳಿಗೆ ಪರೀಕ್ಷೆಯ ವಾರ ಜ್ವರ ಎಂದರೆ ಆಯಿತು. ಇನ್ನೂರು ಮಕ್ಕಳ ಶಾಲೆಯಲ್ಲಿ ಅದೇ ಇಬ್ಬರಿಂದ ಆಗುವ ವ್ಯತ್ಯಾಸ ಶೇಕಡ ಒಂದು. ಹೀಗಾಗಿಯೇ ಅತ್ಯುತ್ತಮ ಶಾಲೆಗಳ ಪಟ್ಟಿಯಲ್ಲಿಯೂ ಅತಿ ಕನಿಷ್ಠ ಶಾಲೆಗಳ ಪಟ್ಟಿಯಲ್ಲಿಯೂ ಚಿಕ್ಕ ಶಾಲೆಗಳೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ; ಒಂದು ವರ್ಷ ಹಾರ, ಮರುವರ್ಷ ನೋಟೀಸು.

ದೊಡ್ಡ ಸಂಖ್ಯೆಗಳೂ ಮೋಸ ಮಾಡದಿರುವುದಿಲ್ಲ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ೨೦೨೩ರಲ್ಲಿ ಶೇಕಡ ೮೩.೮೯. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾಗಳು ಬಂದವು. ಕೃಪಾಂಕದ ಪ್ರಮಾಣವನ್ನು ಶೇಕಡ ಹತ್ತರಿಂದ ಇಪ್ಪತ್ತಕ್ಕೆ ಏರಿಸಿಯೂ ೨೦೨೪ರ ಫಲಿತಾಂಶ ೭೩.೪೦ಕ್ಕೆ ನಿಂತಿತು. ಆ ಏರಿಕೆ ಇಲ್ಲದ ೨೦೨೫ರಲ್ಲಿ ೬೬.೧೪. ಎರಡು ವರ್ಷಗಳಲ್ಲಿ ನಾಡಿನ ಮಕ್ಕಳ ಬುದ್ಧಿ ಕುಗ್ಗಿತೆ, ಶಿಕ್ಷಕರ ವಿದ್ಯೆ ಸವೆಯಿತೆ? ಹಾಗೇನೂ ಇಲ್ಲ, ಅಳೆಯುವ ಸೇರು ಬದಲಾಯಿತು. ಹಿಂದಿನ ಸೇರಿನಲ್ಲಿ ಎಷ್ಟು ಗಾಳಿಯಿತ್ತೆಂಬುದು ಹೊಸ ಸೇರಿನಿಂದ ತಿಳಿಯಿತು. ೨೦೨೫ರಲ್ಲಿ ದಕ್ಷಿಣ ಕನ್ನಡಕ್ಕೆ ೯೧.೧೨, ಕಲಬುರಗಿಗೆ ೪೨.೪೩ ಬಂದುದು ಮಾತ್ರ ಸಾಕ್ಷರತೆಯ ಆ ಹಳೆಯ ಕಂದರವು ಇನ್ನೂ ಹಾಗೆಯೇ ಇರುವುದಕ್ಕೆ ಸಾಕ್ಷಿ. ಹತ್ತನೆಯ ತರಗತಿಯ ಈ ಕಥೆಯ ಮೊದಲ ಅಧ್ಯಾಯ ಐದನೆಯ ತರಗತಿಯಲ್ಲಿದೆ. ‘ಅಸರ್’ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ೨೦೧೮ರಲ್ಲಿ ಅರ್ಧದಷ್ಟು, ೨೦೨೨ರಲ್ಲಿ ಶೇಕಡ ೪೨.೮. ಇದರಲ್ಲಿ ಖಾಸಗಿ ಶಾಲೆಯವರೂ ಸೇರಿದ್ದಾರೆಂಬುದನ್ನು ಗಮನಿಸಬೇಕು.

ಖಾಸಗಿ ಶಾಲೆಯ ಮಗು ಚೆನ್ನಾಗಿ ಓದಿದರೆ ಅದು ಶಾಲೆಯ ಮಹಿಮೆಯೋ ಮನೆಯ ಮಹಿಮೆಯೋ? ನೆರೆಯ ಆಂಧ್ರಪ್ರದೇಶದಲ್ಲಿ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ೧೮೦ ಹಳ್ಳಿಗಳಲ್ಲಿ ೨೦೦೮ರಿಂದ ಸರಕಾರಿ ಶಾಲೆಯ ಮಕ್ಕಳಲ್ಲಿ ಚೀಟಿ ಎತ್ತಿ, ಆಯ್ಕೆಯಾದವರ ಖಾಸಗಿ ಶಾಲೆಯ ಶುಲ್ಕವನ್ನು ತುಂಬಿಕೊಡಲಾಯಿತು. ನಾಲ್ಕು ವರ್ಷಗಳ ತರುವಾಯ ನೋಡಿದರೆ ತೆಲುಗಿನಲ್ಲಿಯೂ ಗಣಿತದಲ್ಲಿಯೂ ಎರಡು ಗುಂಪುಗಳಿಗೆ ಭೇದವಿಲ್ಲ. ಎದ್ದುಕಾಣುವ ಮೇಲುಗೈ ಹಿಂದಿಯಲ್ಲಿ ಮಾತ್ರ. ಇದು ಸರಕಾರಿ ಶಾಲೆಗೆ ಸಮಾಧಾನದ ಮಾತೆನ್ನಲು ಮಾತ್ರ ಅವಸರಪಡಬಾರದು. ಅದೇ ಖಾಸಗಿ ಶಾಲೆಗಳು ಆ ಎರಡು ವಿಷಯಗಳಿಗೆ ಕಡಮೆ ವೇಳೆ ಕೊಟ್ಟು, ಪ್ರತಿ ಮಗುವಿಗೆ ಸರಕಾರ ಮಾಡುವ ವೆಚ್ಚದ ಮೂರನೆಯ ಒಂದು ಭಾಗಕ್ಕೂ ಕಡಮೆ ಖರ್ಚಿನಲ್ಲಿ ಆ ಸಮಾನತೆಯನ್ನು ಸಾಧಿಸಿದ್ದುವು.

ಹೀಗಿರಲು ಚಿಕ್ಕ ಶಾಲೆಗಳನ್ನು ಕೂಡಿಸುವ ಯೋಚನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ೨೦೧೮ರ ಆಯವ್ಯಯದಲ್ಲಿ ೨೮,೮೪೭ ಪ್ರಾಥಮಿಕ ಶಾಲೆಗಳನ್ನು ಸಮೀಪದ ೮,೫೩೦ ಶಾಲೆಗಳೊಡನೆ ವಿಲೀನಗೊಳಿಸುವ ಪ್ರಸ್ತಾಪ ಬಂದಾಗ ಸಾಹಿತಿಗಳೂ ಕನ್ನಡಪರ ಚಿಂತಕರೂ ಪ್ರತಿಭಟಿಸಿದರು. ವಿಲೀನವೆಲ್ಲವೂ ಅನ್ಯಾಯವಲ್ಲ. ಐದು ತರಗತಿಗಳಿಗೆ ಐದೇ ಮಕ್ಕಳಿದ್ದಲ್ಲಿ ಆಟಕ್ಕೆ ಜೊತೆಯಿಲ್ಲ, ಓದಿಗೆ ಸ್ಪರ್ಧೆಯಿಲ್ಲ; ಶಿಕ್ಷಕರ ಮನಸ್ಸೂ ಬಾಡುತ್ತದೆ. ಆರು, ಏಳನೆಯ ತರಗತಿಗಳನ್ನು ವಾಹನದ ಅನುಕೂಲವಿದ್ದರೆ ದೊಡ್ಡ ಶಾಲೆಗೆ ಕೂಡಿಸುವುದು ಯುಕ್ತವೇ. ಒಂದರಿಂದ ಐದರ ಮಾತು ಬೇರೆ. ಒಂದು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂಬ ನಿಯಮ ಆ ವಯಸ್ಸಿನ ಕಾಲುಗಳನ್ನು ನೋಡಿ ಮಾಡಿದುದು. ನಕ್ಷೆಯ ಮೇಲಿನ ಒಂದು ಕಿಲೋಮೀಟರಿನಲ್ಲಿ ಮಳೆಗಾಲದ ಹಳ್ಳವೂ ಹೆದ್ದಾರಿಯೂ ಕಾಣುವುದಿಲ್ಲ. ದೂರ ಹೆಚ್ಚಿದಾಗ ಮೊದಲು ಮನೆಯಲ್ಲಿ ಉಳಿಯುವವಳು ಹುಡುಗಿ. ೨೦೦೬-೦೭ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲಾರಂಭಿಸಿದುದು ಇದ್ದ ದೂರವನ್ನು ಕಿರಿದುಮಾಡಲು. ಆರು ವರ್ಷದ ಮಗುವಿಗೆ ಆ ಉಪಾಯ ನಡೆಯದು.

ಮುಚ್ಚುವ ಶಾಲೆಯ ಊರಿನಲ್ಲಿ ಸಭೆ ಸೇರಿಸಿ ಕೇಳುವ ಪದ್ಧತಿ ಇಲ್ಲದಿಲ್ಲ. ರಾಜಾರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ೨೦೦೯ರ ಕಾಯಿದೆ ವಿಧಿಸಿತು. ಆದರೆ ಸಮಿತಿಯ ಮುಂದೆ ಬರುವ ಕಾಗದಗಳೆಂದರೆ ಬಣ್ಣದ ಖರ್ಚು, ಅಡುಗೆಮನೆಯ ದುರಸ್ತಿ. ಯಾವ ಮಗು ಓದಬಲ್ಲುದು, ಯಾವುದು ಓದಲಾರದು ಎಂಬ ಕಾಗದ ಬರುವುದೇ ಅಪೂರ್ವ.

ಮಠಗಳ ವಿದ್ಯಾಸಂಸ್ಥೆಗಳೂ ದಾನಿಗಳೂ ಇಲ್ಲಿ ಸ್ವಲ್ಪ ಯೋಚಿಸಬೇಕು. ವಸತಿ, ಅನ್ನ, ವಿದ್ಯೆ ಮೂರನ್ನೂ ಒಟ್ಟಿಗೆ ನೀಡಿ ಲಕ್ಷಾಂತರ ಬಡಮಕ್ಕಳನ್ನು ಮೇಲೆತ್ತಿದ ಕೀರ್ತಿ ಈ ನಾಡಿನ ಮಠಗಳದು, ಅದನ್ನು ಅಲ್ಲಗಳೆಯುವವರಿಲ್ಲ. ಆದರೆ ಮಠದ ಶಾಲೆಯೂ ಕೆಳಗಿನ ತರಗತಿಗಳನ್ನು ತೆರೆದು, ಅದರ ವ್ಯಾನೂ ಅದೇ ಊರ ಬಾಗಿಲಿಗೆ ಹೋಗಿ ನಿಂತರೆ, ಇಲ್ಲಿ ಏರಿದ ಒಂದೊಂದು ಹೆಸರು ಅಲ್ಲಿ ಇಳಿದ ಒಂದೊಂದು ಹೆಸರು. ಅರವತ್ತೊಂದನೆಯ ಮಗುವನ್ನು ಕರೆತಂದವರು ಅಲ್ಲಿಯ ಮೂರನೆಯ ಶಿಕ್ಷಕರನ್ನೂ ಕರೆದುಕೊಂಡು ಬಂದಂತೆಯೇ. ಶೇಕಡ ನೂರು ಫಲಿತಾಂಶದ ಫಲಕಕ್ಕಾಗಿ ಒಂಬತ್ತನೆಯ ತರಗತಿಯಲ್ಲಿಯೇ ಹಿಂದುಳಿದವರ ಕೈಗೆ ವರ್ಗಾವಣೆ ಪತ್ರ ಕೊಡುವ ಚಾಳಿಯೂ ಅಲ್ಲಲ್ಲಿ ಇದೆ. ಹಾಗೆ ಹೊರಬಿದ್ದವರು ಹೋಗುವುದು ಸರಕಾರಿ ಪ್ರೌಢಶಾಲೆಗೆ, ಅವರ ಅನುತ್ತೀರ್ಣತೆ ಬರೆಯಲ್ಪಡುವುದು ಅದರ ಲೆಕ್ಕಕ್ಕೆ.

ದಾನಿಗಳ ಔದಾರ್ಯ ಹೆಚ್ಚಾಗಿ ಹರಿಯುವುದು ಕಲ್ಲು ಸಿಮೆಂಟುಗಳ ಕಡೆಗೆ. ಹೆಸರು ಕೆತ್ತಿಸಿದ ಕಮಾನಿನೊಳಗೆ ಮೂರು ಕೊಠಡಿ ಖಾಲಿ ಬಿದ್ದಿರುವ ಶಾಲೆಗಳು ಕಣ್ಣಿಗೆ ಬೀಳುತ್ತವೆ. ಇಬ್ಬರು ಶಿಕ್ಷಕರ ಶಾಲೆಗೆ ಬೇಕಾದುದು ಮೂರನೆಯ ಜೋಡಿ ಕೈ. ಊರಿನಲ್ಲಿಯೇ ಪದವಿ ಮುಗಿಸಿ ಕುಳಿತ ಹೆಣ್ಣುಮಗಳೊಬ್ಬಳಿಗೆ ಗೌರವಧನ ಕೊಟ್ಟು, ದಿನಕ್ಕೆ ಎರಡು ತಾಸು ಎರಡು ಮೂರನೆಯ ತರಗತಿಯವರಿಗೆ ಓದು ಕಲಿಸುವಂತೆ ಮಾಡಿದರೆ ಕಮಾನಿನ ಖರ್ಚಿನಲ್ಲಿ ಅದು ಹಲವು ವರ್ಷ ನಡೆದೀತು. ದೊಡ್ಡ ಅಕ್ಷರದ ಸಣ್ಣ ಕಥೆಪುಸ್ತಕಗಳು ಬೀರುವಿನ ಬೀಗದೊಳಗಲ್ಲದೆ ದಾರದ ಮೇಲೆ ತೂಗುಬಿದ್ದು ಮಕ್ಕಳ ಕೈಗೆ ಎಟುಕುವಂತಿರಬೇಕು, ಹರಿದರೆ ಹರಿಯಲಿ. ಹಳೆಯ ವಿದ್ಯಾರ್ಥಿಗಳಲ್ಲಿ ನಿವೃತ್ತರಾಗಿ ಊರಿಗೆ ಮರಳಿದವರು ವಾರಕ್ಕೊಮ್ಮೆ ಹೋಗಿ ಕುಳಿತು ಮಕ್ಕಳಿಂದ ಓದಿಸಿ ಕೇಳಿದರೂ ಸಾಕು. ಅದಕ್ಕೆ ಹಣವೂ ಬೇಡ.

ಪ್ರೌಢಶಾಲೆಯ ಶಿಕ್ಷಕರಿಗೆ ಸೇರಿದ ಕೆಲಸವೊಂದಿದೆ. ಪ್ರತಿ ಜೂನ್ ತಿಂಗಳಿನ ಸೇತುಬಂಧದ ದಿನಗಳಲ್ಲಿ ಎಂಟನೆಯ ತರಗತಿಗೆ ಸೇರಿದ ಒಬ್ಬೊಬ್ಬ ಮಗುವಿನಿಂದಲೂ ಬೇರೆಬೇರೆಯಾಗಿ ಓದಿಸಿ, ಅಕ್ಷರ, ಪದ, ವಾಕ್ಯ, ಕಥೆ ಎಂಬ ನಾಲ್ಕು ಅಂಕಣಗಳಲ್ಲಿ ಎಲ್ಲಿಯವರೆಗೆ ಬಂದಿದೆಯೆಂದು ಗುರುತುಹಾಕಿ, ಮಗು ಬಂದ ಊರಿನ ಶಾಲೆಗೆ ಅದರ ಪ್ರತಿಯೊಂದನ್ನು ಕಳುಹಿಸುವುದು. ಆಕ್ಷೇಪಣೆಯ ಪತ್ರವಾಗಿ ಅಲ್ಲ, ಒಂದೇ ಮಗುವಿಗೆ ಕಲಿಸಿದ ಇಬ್ಬರು ಗುರುಗಳ ನಡುವಣ ಒಕ್ಕಣೆಯಾಗಿ. ಅದೇ ನಾಲ್ಕು ಅಂಕಣಗಳ ಹಾಳೆಯನ್ನು ಊರ ಶಾಲೆಯವರು ಮೂರನೆಯ ತರಗತಿಯಿಂದಲೇ ಇಟ್ಟುಕೊಂಡು, ಜೂನಿನಲ್ಲಿ ಒಮ್ಮೆ, ಗುಳೆ ಹೊರಡುವ ಮೊದಲು ನವೆಂಬರಿನಲ್ಲಿ ಒಮ್ಮೆ ತುಂಬಬಹುದು. ಎಂಟು ಮಕ್ಕಳ ತರಗತಿಗೆ ಒಂದು ಹಾಳೆ ಸಾಕು, ಅರ್ಧ ದಿನದ ವೇಳೆ ಸಾಕು. ಸಮಿತಿಯ ಸಭೆಯಲ್ಲಿ ತಾಯಂದಿರ ಮುಂದೆ ಅದನ್ನು ಓದಿ ಹೇಳಲು ಇನ್ನೊಂದು ಗಳಿಗೆ.